ಮೆದುಳಿಗೆ ಅಯಸ್ಕಾಂತವೋ, ಮಾತ್ರೆಯೋ, ಸಮಾಲೋಚನೆಯೋ: ಉತ್ತೇಜಕ ಮಾದಕ ವ್ಯಸನಕ್ಕೆ ಚಿಕಿತ್ಸೆ ಹುಡುಕುತ್ತಿರುವ ಹಾಸನ–ಚಿಕ್ಕಮಗಳೂರಿನ ಕುಟುಂಬಗಳಿಗೆ

ಕಳೆದ ತಿಂಗಳು ಒಂದೇ ವಾರದಲ್ಲಿ ಎರಡು ಕುಟುಂಬಗಳು ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ನನ್ನ ಮುಂದಿಟ್ಟವು. ಮೊದಲನೆಯವರು ಚನ್ನರಾಯಪಟ್ಟಣದ ನಿವೃತ್ತ ಮೇಷ್ಟ್ರು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವರ ಮಗ ಎರಡು ವರ್ಷಗಳಿಂದ ಮೆಥಾಂಫೆಟಮೈನ್ ಸೇವಿಸುತ್ತಿದ್ದಾನೆ. ಎರಡು ಸಲ ಬಿಟ್ಟಿದ್ದಾನೆ, ಎರಡು ಸಲವೂ ಮತ್ತೆ ಹಿಡಿದಿದ್ದಾನೆ. ಎರಡನೆಯವರು ಮೂಡಿಗೆರೆ ಕಡೆಯ ತೋಟದ ಮನೆಯ ತಾಯಿ. ಅವರ ಮಗ ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳಿದ್ದಾನೆ. ಕೊಕೇನ್ ಜೊತೆಗೆ ಮದ್ಯದ ಚಟವೂ ಸೇರಿಕೊಂಡಿದೆ. ಶಸ್ತ್ರಚಿಕಿತ್ಸೆಯಿಲ್ಲದೆ ಮೆದುಳನ್ನು ಪ್ರಚೋದಿಸಿ ಚಟ ಬಿಡಿಸುವ ಯಂತ್ರವೊಂದಿದೆ ಎಂಬುದನ್ನು ಇಬ್ಬರೂ ಮೊಬೈಲಿನಲ್ಲಿ ಓದಿದ್ದರು. ಅದನ್ನು ಕೊಡಿಸುವುದೋ, ಮಾತ್ರೆಯನ್ನೇ ನಂಬುವುದೋ, ಇಲ್ಲವೇ ಮೂರು ತಿಂಗಳು ಯಾವುದಾದರೂ ವ್ಯಸನಮುಕ್ತಿ ಕೇಂದ್ರದಲ್ಲಿ ಬಿಡುವುದೋ ಎಂಬುದು ಇಬ್ಬರ ತೊಳಲಾಟ.

ಹಾಸನದಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತನಾಗಿರುವ ನಾನು ಔಷಧಿ ಬರೆಯುವವನಲ್ಲ. ಆದರೆ ಹೀಗೆ ಬಂದವರ ಎದುರು ಆಯ್ಕೆಗಳನ್ನು ಹರಡಿ, ಒಂದೊಂದರ ಲಾಭನಷ್ಟಗಳನ್ನು ಬಿಡಿಸಿ ಹೇಳುವುದು ನನ್ನ ದಿನನಿತ್ಯದ ಕೆಲಸ. ಅವರಿಬ್ಬರಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಭಯವನ್ನು ದೂರ ಮಾಡಬೇಕು. ಮೆದುಳಿನ ಪ್ರಚೋದನೆ ಎಂದೊಡನೆ ನಮ್ಮವರು ಕೇಳುವುದು, ‘ಕರೆಂಟ್ ಕೊಡುತ್ತಾರಾ?’ ಎಂದು. ಅವರ ಮನಸ್ಸಿನಲ್ಲಿರುವುದು ಇಸಿಟಿ, ಅಂದರೆ ವಿದ್ಯುತ್ ಕಂಪನ ಚಿಕಿತ್ಸೆ. ಅರಿವಳಿಕೆ ಕೊಟ್ಟು, ಬೇಕೆಂದೇ ಸೆಳೆತ (ಫಿಟ್ಸ್) ಬರಿಸುವ ಆ ಚಿಕಿತ್ಸೆಯೇ ಬೇರೆ; ಇಲ್ಲಿ ನಾವು ನೋಡುತ್ತಿರುವ, ಕಾಂತಕ್ಷೇತ್ರದಿಂದ ಮೆದುಳನ್ನು ಪ್ರಚೋದಿಸುವ ಟಿಎಂಎಸ್ ಮತ್ತು ಬಹಳ ಸಣ್ಣ ವಿದ್ಯುತ್ತಿನಿಂದ ಪ್ರಚೋದಿಸುವ ಟಿಡಿಸಿಎಸ್‌ಗಳೇ ಬೇರೆ. ಈ ಎರಡರಲ್ಲೂ ರೋಗಿ ಎಚ್ಚರವಾಗಿ ಕುರ್ಚಿಯಲ್ಲಿ ಕುಳಿತಿರುತ್ತಾನೆ, ಮುಗಿದ ಮೇಲೆ ತಾನೇ ಎದ್ದು ನಡೆದು ಬರುತ್ತಾನೆ.

ಇನ್ನೊಂದು ತಪ್ಪು ಗ್ರಹಿಕೆ ನಮ್ಮ ಜಿಲ್ಲೆಗಳ ಅನುಭವದಿಂದಲೇ ಹುಟ್ಟಿದ್ದು. ಇಲ್ಲಿ ಚಟ ಎಂದರೆ ಬಹುಪಾಲು ಕುಡಿತ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷದವರ ಪೈಕಿ ಕೊಕೇನ್ ಬಳಸುವವರು ಶೇ 0.10, ಆಂಫೆಟಮೈನ್ ಬಗೆಯ ವಸ್ತುಗಳನ್ನು ಬಳಸುವವರು ಶೇ 0.18. ಹೀಗಾಗಿ ನೆರೆಹೊರೆಯವರು ಕೊಡುವ ಸಲಹೆಯೆಲ್ಲ ಕುಡಿತ ಬಿಡಿಸಿದ ಅನುಭವದಿಂದ ಬಂದದ್ದೇ ಆಗಿರುತ್ತದೆ. ಕುಡಿತಕ್ಕೆ ಡೈಸಲ್ಫಿರಾಮ್ ಇದೆ, ಅಫೀಮು ಬಗೆಯ ವಸ್ತುಗಳಿಗೆ ಬ್ಯುಪ್ರೆನಾರ್ಫಿನ್ ಇದೆ. ಆದರೆ ಉತ್ತೇಜಕ ವಸ್ತುಗಳಾದ ಕೊಕೇನ್ ಮತ್ತು ಮೆಥಾಂಫೆಟಮೈನ್ ವ್ಯಸನಕ್ಕೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಮಾನ್ಯ ಮಾಡಿದ ಔಷಧಿ ಈವರೆಗೆ ಒಂದೂ ಇಲ್ಲ. ಯಂತ್ರದ ಕಡೆಗೆ ಎಲ್ಲರ ಕಣ್ಣು ಹೊರಳಿರುವುದಕ್ಕೆ ಈ ಖಾಲಿ ಜಾಗವೇ ಮುಖ್ಯ ಕಾರಣ.

ಯಾವುದರಿಂದ ಅಳೆಯಬೇಕು

ಆಯ್ಕೆಗಳಿಗೆ ಹೋಗುವ ಮುನ್ನ ಅಳತೆಗೋಲು ಸಿದ್ಧವಿರಬೇಕು. ನಾನು ಐದು ವಿಷಯಗಳನ್ನು ನೋಡುತ್ತೇನೆ. ಮೊದಲನೆಯದು ಪುರಾವೆ: ಈ ಚಿಕಿತ್ಸೆಯಿಂದ ಜನರು ನಿಜವಾಗಿಯೂ ಸೇವನೆ ನಿಲ್ಲಿಸಿದ್ದಾರೆಯೇ, ಅಥವಾ ಪ್ರಯೋಗಾಲಯದಲ್ಲಿ ಕುಳಿತಾಗ ಕಡುಬಯಕೆ ಇಳಿದಿದೆ ಎಂದಷ್ಟೇ ಹೇಳಿದ್ದಾರೆಯೇ? ಕಡುಬಯಕೆಗೆ ಅಂಕ ಕೊಡುವುದು ರೋಗಿ. ಮೂತ್ರ ಪರೀಕ್ಷೆಗೆ ಅಂಥ ದಾಕ್ಷಿಣ್ಯವಿಲ್ಲ. ಎರಡನೆಯದು ಈ ಒಬ್ಬ ವ್ಯಕ್ತಿಗೆ ಅದು ಎಷ್ಟು ಸುರಕ್ಷಿತ ಎಂಬುದು. ಮೂರನೆಯದು ಪೂರೈಸಬಲ್ಲನೇ ಎಂಬುದು. ಅರ್ಧಕ್ಕೆ ನಿಂತ ಚಿಕಿತ್ಸೆಗೆ ಹಣ ಪೂರ್ತಿ ಹೋಗುತ್ತದೆ, ಫಲ ಅರ್ಧವೂ ಬರುವುದಿಲ್ಲ. ನಾಲ್ಕನೆಯದು ಒಟ್ಟು ಖರ್ಚು. ಕ್ಲಿನಿಕ್ಕಿನ ಬಿಲ್ ಅದರ ಒಂದು ಭಾಗ ಮಾತ್ರ. ಬಸ್ಸು, ವಾಸ್ತವ್ಯ, ಜೊತೆಗೆ ಹೋಗುವವರ ಕಳೆದುಹೋದ ದಿನಗೂಲಿ ಅಥವಾ ರಜೆ ಎಲ್ಲವೂ ಲೆಕ್ಕಕ್ಕೆ ಬರಬೇಕು. ಐದನೆಯದು, ಚಿಕಿತ್ಸೆ ಮುಗಿದ ಮರುದಿನ ಬೆಳಿಗ್ಗೆ ಊರಿನಲ್ಲಿ ಏನಿರುತ್ತದೆ ಎಂಬ ಪ್ರಶ್ನೆ. ನನ್ನ ಮಟ್ಟಿಗೆ ಈ ಐದನೆಯದಕ್ಕೇ ಹೆಚ್ಚು ತೂಕ. ಕರಪತ್ರಗಳಲ್ಲಿ ಮಾತ್ರ ಇದರ ಸುದ್ದಿಯೇ ಇರುವುದಿಲ್ಲ.

ಟಿಎಂಎಸ್

ಎಂಟರ ಅಂಕಿಯ ಆಕಾರದ ಸುರುಳಿಯೊಂದನ್ನು ತಲೆಯ ಮೇಲಿಟ್ಟು, ಅದರಲ್ಲಿ ಕ್ಷಣಮಾತ್ರ ಬಲವಾದ ವಿದ್ಯುತ್ ಹರಿಸಿದರೆ ಕಾಂತಕ್ಷೇತ್ರ ಏಳುತ್ತದೆ. ಆ ಕ್ಷೇತ್ರವು ತಲೆಬುರುಡೆಯನ್ನು ಸಲೀಸಾಗಿ ದಾಟಿ, ಒಳಗಿನ ನರಕೋಶಗಳಲ್ಲಿ ಸಣ್ಣ ವಿದ್ಯುತ್ತನ್ನು ಹುಟ್ಟಿಸುತ್ತದೆ. ಹೈಸ್ಕೂಲಿನಲ್ಲಿ ಓದಿದ ಫ್ಯಾರಡೆಯ ನಿಯಮವೇ ಇದು. ಇದನ್ನು ಮನುಷ್ಯರ ಮೆದುಳಿನ ಮೇಲೆ 1985ರಲ್ಲಿ ಮೊದಲು ತೋರಿಸಿದವರು ಇಂಗ್ಲೆಂಡಿನ ಶೆಫೀಲ್ಡಿನ ಆಂಟನಿ ಬಾರ್ಕರ್ ಮತ್ತು ಸಂಗಡಿಗರು. ಸಾಮಾನ್ಯ ಸುರುಳಿಯ ಪ್ರಭಾವ ಎರಡು–ಮೂರು ಸೆಂಟಿಮೀಟರ್ ಆಳಕ್ಕೆ ನಿಲ್ಲುತ್ತದೆ. ವ್ಯಸನದಲ್ಲಿ ಗುರಿ ಮಾಡುವುದು ಹೆಚ್ಚಾಗಿ ಎಡ ಹಣೆಯ ಹಿಂಭಾಗದ ಮೆದುಳಿನ ಪದರವನ್ನು. ಯೋಚಿಸಿ ತಡೆದುಕೊಳ್ಳುವ ಶಕ್ತಿಯಲ್ಲಿ ಈ ಭಾಗಕ್ಕೆ ದೊಡ್ಡ ಪಾಲಿದೆ. ದೀರ್ಘಕಾಲ ಉತ್ತೇಜಕ ವಸ್ತು ಬಳಸಿದವರಲ್ಲಿ ಅದು ಮಂಕಾಗಿರುತ್ತದೆ. ಸೆಕೆಂಡಿಗೆ 10 ಅಥವಾ 15ರಂತೆ ವೇಗವಾಗಿ ಮಿಡಿತ ಕೊಟ್ಟು ಅದನ್ನು ಚುರುಕುಗೊಳಿಸುವುದು ಈ ಚಿಕಿತ್ಸೆಯ ಉದ್ದೇಶ.

ನನ್ನ ಚಿಕ್ಕಪ್ಪನ ಮಗನನ್ನು ಮೊದಲ ದಿನ ಆ ಕುರ್ಚಿಯಲ್ಲಿ ಕೂರಿಸಿದಾಗ ನಾನು ಪಕ್ಕದಲ್ಲೇ ಇದ್ದೆ. ಕಿವಿಗೆ ಹತ್ತಿಯಂಥ ಮೆತ್ತನೆಯ ಬಿರಡೆ ಇಟ್ಟರು. ತಂತ್ರಜ್ಞೆ ಸುರುಳಿಯನ್ನು ನೆತ್ತಿಯ ಎಡಕ್ಕೆ ಹಿಡಿದು ಒಂದು ಮಿಡಿತ ಕೊಟ್ಟರು, ಏನೂ ಆಗಲಿಲ್ಲ. ತುಸು ಸರಿಸಿ, ಬಲ ಹೆಚ್ಚಿಸಿ ಮತ್ತೊಂದು ಕೊಟ್ಟರು. ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಅವನ ಬಲಗೈಯ ಹೆಬ್ಬೆರಳು, ಯಾರೋ ದಾರ ಕಟ್ಟಿ ಜಗ್ಗಿದಂತೆ, ತಾನಾಗಿಯೇ ಒಳಕ್ಕೆ ಮಡಚಿತು. ಅವನು ಬೆರಳನ್ನೇ ನೋಡಿ ನಕ್ಕುಬಿಟ್ಟ. ಹೆಬ್ಬೆರಳು ಅಲುಗಲು ಬೇಕಾಗುವ ಕನಿಷ್ಠ ಬಲವೇ ಆ ವ್ಯಕ್ತಿಯ ಅಳತೆ; ಚಿಕಿತ್ಸೆಯ ಬಲವನ್ನು ಅದರ ಇಷ್ಟು ಪ್ರತಿಶತ ಎಂದು ನಿಗದಿ ಮಾಡುತ್ತಾರೆ. ಆಮೇಲೆ ಸುರುಳಿಯನ್ನು ಹಣೆಯತ್ತ ತಂದು ಚಿಕಿತ್ಸೆ ಶುರು ಮಾಡಿದಾಗ, ಮರಕುಟಿಗ ಒಣಮರವನ್ನು ಕುಕ್ಕಿದಂಥ ಸದ್ದು ಕೋಣೆ ತುಂಬಿತು. ಹುಬ್ಬಿನ ಮೇಲೆ ಚುರುಕು ನೋವು, ಸಂಜೆಗೆ ತಲೆನೋವು. ಮೂರನೇ ದಿನಕ್ಕೆ ಎರಡೂ ತಗ್ಗಿದವು.

ಈಗ ಪುರಾವೆಯ ಮಾತು. ಖಿನ್ನತೆಗೆ ಟಿಎಂಎಸ್ ಬಳಸಲು ಎಫ್‌ಡಿಎ 2008ರಲ್ಲೇ ಅನುಮತಿ ಕೊಟ್ಟಿತು. ಗೀಳು ರೋಗಕ್ಕೆ 2018ರಲ್ಲಿ, ಧೂಮಪಾನ ಬಿಡಿಸಲು 2020ರಲ್ಲಿ, ಹೆಚ್ಚು ಆಳಕ್ಕೆ ಮುಟ್ಟುವ ಸುರುಳಿಗಳಿಗೆ ಅನುಮತಿ ದೊರೆಯಿತು. ಧೂಮಪಾನದ ಪ್ರಯೋಗದಲ್ಲಿದ್ದವರು 262 ಮಂದಿ. 18ನೇ ವಾರದ ಹೊತ್ತಿಗೆ ಸತತವಾಗಿ ಸಿಗರೇಟು ಬಿಟ್ಟಿದ್ದವರು ನಿಜ ಚಿಕಿತ್ಸೆಯವರಲ್ಲಿ ಶೇ 19.4, ಹೋಲಿಕೆಗಾಗಿ ನಿಜದಂತೆಯೇ ತೋರುವ ನಕಲಿ ಚಿಕಿತ್ಸೆ ಪಡೆದವರಲ್ಲಿ ಶೇ 8.7. ಇದು ವ್ಯಸನವೊಂದಕ್ಕೆ ಸಿಕ್ಕ ಮೊದಲ ಗಟ್ಟಿ ಫಲಿತಾಂಶ. ಆದರೆ ಕೊಕೇನ್ ಮತ್ತು ಮೆಥಾಂಫೆಟಮೈನ್‌ಗೆ ಅಂಥ ಅನುಮತಿ ಇಲ್ಲ. 2013ರಲ್ಲಿ ಆಂಟೊನೆಲ್ಲೊ ಬೊನ್ಸಿ ಅವರ ತಂಡ ಇಲಿಗಳ ಮುಮ್ಮೆದುಳನ್ನು ಬೆಳಕಿನಿಂದ ಪ್ರಚೋದಿಸಿ, ಕೊಕೇನ್‌ಗೆ ಹಾತೊರೆಯುವುದನ್ನು ತಗ್ಗಿಸಿ ತೋರಿಸಿತು. ಅದರ ಬೆನ್ನಿಗೆ 2016ರಲ್ಲಿ ಇಟಲಿಯ ಪಡುವಾದಲ್ಲಿ 32 ಜನರ ಮೇಲೆ ಟಿಎಂಎಸ್ ಪ್ರಯೋಗ ನಡೆದು, ಚಿಕಿತ್ಸೆ ಪಡೆದವರ ಮೂತ್ರ ಪರೀಕ್ಷೆಗಳು ಹೆಚ್ಚು ಶುದ್ಧವಾಗಿ ಬಂದವು. ಆದರೆ ಯಾರಿಗೆ ಏನು ಕೊಡಲಾಗುತ್ತಿದೆ ಎಂಬುದು ರೋಗಿಗಳಿಗೂ ವೈದ್ಯರಿಗೂ ಗೊತ್ತಿತ್ತು. ನಂತರ ಇಟಲಿಯಲ್ಲೇ ನಕಲಿ ಸುರುಳಿಯಿಟ್ಟು ಹೋಲಿಸಿದಾಗ, ನಕಲಿ ಪಡೆದವರಲ್ಲೂ ಸುಧಾರಣೆ ಕಂಡು, ಎರಡು ಗುಂಪುಗಳ ನಡುವಿನ ಅಂತರ ಕರಗಿತು. ಚೀನಾದಲ್ಲಿ ಮೆಥಾಂಫೆಟಮೈನ್ ವ್ಯಸನಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಕಡುಬಯಕೆ ಇಳಿದದ್ದು ದಾಖಲಾಗಿದೆ. ಆದರೆ ಅವುಗಳಲ್ಲಿ ಹೆಚ್ಚಿನವರು ಪುನರ್ವಸತಿ ಕೇಂದ್ರದೊಳಗಿದ್ದವರು. ವಸ್ತು ಕೈಗೆ ಸಿಗದ ಕಡೆ ಬಯಕೆ ಇಳಿಯುವುದಕ್ಕೂ, ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಹಳೆಯ ಸ್ನೇಹಿತ ಬಾಗಿಲು ತಟ್ಟಿದಾಗ ‘ಬೇಡ’ ಎನ್ನುವುದಕ್ಕೂ ಬಹಳ ದೂರ.

ಇನ್ನೊಂದು ಸೂಕ್ಷ್ಮ ಇಲ್ಲಿದೆ. ಸೆಕೆಂಡಿಗೆ ಒಂದರಂತೆ ನಿಧಾನವಾಗಿ ಮಿಡಿತ ಕೊಟ್ಟ ಒಂದು ಸಣ್ಣ ಅಧ್ಯಯನದಲ್ಲಿ ಮೆಥಾಂಫೆಟಮೈನ್ ಬಳಕೆದಾರರ ಕಡುಬಯಕೆ ಇಳಿಯುವ ಬದಲು ಏರಿತು. ಆದ್ದರಿಂದ ‘ಟಿಎಂಎಸ್ ಕೊಡುತ್ತೇವೆ’ ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗಲಿಲ್ಲ. ಯಾವ ಜಾಗಕ್ಕೆ, ಯಾವ ವೇಗದಲ್ಲಿ, ಎಷ್ಟು ಮಿಡಿತ, ಎಷ್ಟು ದಿನ ಎಂಬುದನ್ನು ಬರೆದು ಕೊಡುವಂತೆ ಕೇಳಿ.

ಸುರಕ್ಷತೆಯ ವಿಷಯದಲ್ಲಿ ಟಿಎಂಎಸ್ ಒಟ್ಟಾರೆ ಒಳ್ಳೆಯ ಹುಡುಗನೇ. ಅತಿ ಗಂಭೀರ ಅಪಾಯವೆಂದರೆ ಸೆಳೆತ. ಅದು ಸಾಮಾನ್ಯವಾಗಿ ಸಾವಿರ ರೋಗಿಗಳಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದರೆ ಈ ಲೆಕ್ಕ ಬಹುತೇಕ ಖಿನ್ನತೆಯ ರೋಗಿಗಳಿಂದ ಬಂದದ್ದು. ಉತ್ತೇಜಕ ವಸ್ತುಗಳು ತಾವೇ ಸೆಳೆತ ತರಬಲ್ಲವು. ರಾತ್ರಿಗಟ್ಟಲೆ ನಿದ್ದೆಗೆಡುವುದು ಅದಕ್ಕೆ ಒತ್ತಾಸೆ. ಜೊತೆಗೆ ಕುಡಿತವಿದ್ದು ಅದನ್ನು ಹಠಾತ್ತಾಗಿ ಬಿಟ್ಟಿದ್ದರೆ ಅಪಾಯ ಇನ್ನೂ ಹೆಚ್ಚು. ಮೂರ್ಛೆರೋಗ ಇರುವವರು, ತಲೆಯೊಳಗೆ ಲೋಹದ ಕ್ಲಿಪ್ಪು ಅಥವಾ ಕಿವಿಯೊಳಗೆ ಶ್ರವಣ ಯಂತ್ರ ಅಳವಡಿಸಿಕೊಂಡವರು, ಪೇಸ್‌ಮೇಕರ್ ಇರುವವರು ಮೊದಲೇ ಹೇಳಲೇಬೇಕು. ಹಿಂದೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿದ್ದರೆ ಅದನ್ನೂ ಹೇಳಬೇಕು. ನಮ್ಮ ಹುಡುಗರಲ್ಲಿ ಇದು ಅಪರೂಪವೇನಲ್ಲ.

ಚಿಕ್ಕಪ್ಪನ ಮಗನಾದ ಆ ತಮ್ಮನ ವಿಷಯದಲ್ಲಿ ಆದದ್ದನ್ನು ಮುಚ್ಚಿಡುವುದಿಲ್ಲ. ನಾವು ಹೋಗಿದ್ದ ಖಾಸಗಿ ಕೇಂದ್ರ 20 ಸಲದ ಹಣವನ್ನು ಒಟ್ಟಿಗೆ ಮುಂಗಡ ಕಟ್ಟಿಸಿಕೊಂಡಿತು. ಅವನು ಕುಡಿಯುತ್ತಾನೆಯೇ ಎಂದು ಮೊದಲ ಮೂರು ದಿನ ಯಾರೂ ಕೇಳಲಿಲ್ಲ. ನಾಲ್ಕನೇ ದಿನ ನಾನಾಗಿಯೇ ಹೇಳಿದಾಗ, ‘ಅದೆಲ್ಲ ಫಾರಂನಲ್ಲಿ ಬರೆದಿರಬೇಕಿತ್ತು’ ಎಂಬ ಉತ್ತರ ಬಂತು. 11ನೇ ದಿನಕ್ಕೆ ಕಾಫಿ ಕೊಯ್ಲು ಶುರುವಾಯಿತು, ಚಿಕ್ಕಪ್ಪನಿಗೆ ಆಳು ಸಿಗಲಿಲ್ಲ, ಅವನು ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಉಳಿದ ಒಂಬತ್ತು ಸಲದ ಹಣ ವಾಪಸ್ ಬರಲಿಲ್ಲ. ಈ ವ್ಯವಹಾರವನ್ನು ನಾನೇ ಕುದುರಿಸಿದ್ದು ಎಂಬುದು ನನಗೆ ಇಂದಿಗೂ ಮುಜುಗರ. ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ: ಹಣವನ್ನು ವಾರವಾರಕ್ಕೆ ಕಟ್ಟಿ, ಕೊಯ್ಲಿನ ತಿಂಗಳುಗಳನ್ನು ಬಿಟ್ಟು ದಿನ ಹಿಡಿಯಿರಿ.

ದೂರದ ಲೆಕ್ಕವನ್ನೂ ಹಾಕಿ. ಸಾಮಾನ್ಯ ಕ್ರಮವೆಂದರೆ ವಾರಕ್ಕೆ ಐದು ದಿನ, ನಾಲ್ಕು ವಾರ. ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್. ದಿನವೂ ಹೋಗಿ ಬಂದರೆ 7,400 ಕಿಲೋಮೀಟರ್. ಅದು ಆಗುವ ಮಾತಲ್ಲ. ಚಿಕ್ಕಮಗಳೂರಿನವರಿಗೆ ಇನ್ನೂ ದೂರ, ಮೂಡಿಗೆರೆಯವರಿಗೆ ಕೇಳುವುದೇ ಬೇಡ. ಅಂದರೆ ಒಂದು ತಿಂಗಳು ಅಲ್ಲೇ ಇರಬೇಕು. ಯಾವ ಊರಿನಲ್ಲಿ ವಸ್ತು ಸಿಗುತ್ತದೋ ಅದೇ ಊರಿನಲ್ಲಿ ಅವನನ್ನು ಒಂದು ತಿಂಗಳು ಇರಿಸಿದಂತಾಗುತ್ತದೆ ಎಂಬುದನ್ನು ಯೋಚಿಸಿದ್ದೀರಾ? ದಿನದ 20 ನಿಮಿಷ ಕುರ್ಚಿಯಲ್ಲಿ ಕಳೆದರೆ ಉಳಿದ 23 ಗಂಟೆ 40 ನಿಮಿಷ ಅವನ ಜೊತೆ ಯಾರಿರುತ್ತಾರೆ ಎಂಬುದು ನಿರ್ಧಾರವಾಗದೆ ಹೊರಡಬೇಡಿ.

ಈ ತೊಡಕಿಗೆ ಪರಿಹಾರದಂತೆ ಕಾಣುವುದು ಥೀಟಾ ಬರ್ಸ್ಟ್ ಎಂಬ ಬಗೆ. ಮಿಡಿತಗಳನ್ನು ಗೊಂಚಲು ಗೊಂಚಲಾಗಿ ಕೊಡುವುದರಿಂದ 600 ಮಿಡಿತಗಳು ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತವೆ. ಖಿನ್ನತೆಯಲ್ಲಿ ಇದು ಹಳೆಯ ದೀರ್ಘ ಕ್ರಮಕ್ಕಿಂತ ಕಡಿಮೆಯಿಲ್ಲ ಎಂದು 2018ರ ದೊಡ್ಡ ಪ್ರಯೋಗವೊಂದು ತೋರಿಸಿತು. ಇದೇ ಬಗೆಯನ್ನು ದಿನಕ್ಕೆ ಹತ್ತು ಸಲದಂತೆ ಐದೇ ದಿನದಲ್ಲಿ ಮುಗಿಸುವ ಸ್ಟ್ಯಾನ್‌ಫರ್ಡ್ ಕ್ರಮಕ್ಕೆ 2022ರಲ್ಲಿ ಖಿನ್ನತೆಗಾಗಿ ಅನುಮತಿ ಸಿಕ್ಕಿದೆ. ದೂರದ ಊರಿನವರಿಗೆ ಐದು ದಿನ ಎಂಬುದು ಬಾಯಲ್ಲಿ ನೀರೂರಿಸುವ ಮಾತು. ಆದರೆ ಉತ್ತೇಜಕ ವ್ಯಸನದಲ್ಲಿ ಈ ಅವಸರದ ಕ್ರಮಕ್ಕಿರುವ ಆಧಾರ ಸಣ್ಣ ಅಧ್ಯಯನಗಳದ್ದು. ವ್ಯಸನದ ಜೊತೆಗೆ ಔಷಧಿಗೆ ಬಗ್ಗದ ಖಿನ್ನತೆಯೂ ಇರುವವರಿಗೆ ಮಾತ್ರ ನಾನಿದನ್ನು ಪರಿಗಣಿಸಿ ಎನ್ನುತ್ತೇನೆ; ಅಲ್ಲಿ ಕನಿಷ್ಠ ಖಿನ್ನತೆಗಾದರೂ ಕೊಟ್ಟ ಹಣಕ್ಕೆ ಬೆಲೆಯಿದೆ.

ಟಿಡಿಸಿಎಸ್

ಇದು ಅಗ್ಗದ ದಾಯಾದಿ. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ತಲೆಗೆ ಕಟ್ಟಿ, ಒಂದರಿಂದ ಎರಡು ಮಿಲಿಆಂಪಿಯರ್‌ನಷ್ಟು ಬಹಳ ಸಣ್ಣ ವಿದ್ಯುತ್ತನ್ನು ಸುಮಾರು 20 ನಿಮಿಷ ಹರಿಸುತ್ತಾರೆ. ಟಿಎಂಎಸ್‌ನಂತೆ ಇದು ನರಕೋಶಗಳನ್ನು ನೇರವಾಗಿ ಮಿಡಿಸುವುದಿಲ್ಲ, ಮಿಡಿಯುವ ಒಲವನ್ನು ತುಸು ಏರಿಳಿಸುತ್ತದೆ ಅಷ್ಟೆ. ನವೆ, ಚುಮುಚುಮು, ಕೆಲವೊಮ್ಮೆ ಸ್ಪಂಜು ಒಣಗಿದ ಕಡೆ ಚರ್ಮ ಸುಟ್ಟ ಕಲೆ, ಇವು ಅದರ ಅಡ್ಡಪರಿಣಾಮಗಳು. ಉಪಕರಣ ಅಂಗೈಯಗಲದ್ದು, ಬ್ಯಾಟರಿಯಿಂದ ನಡೆಯುತ್ತದೆ; ಆದ್ದರಿಂದಲೇ ಅದನ್ನು ಆನ್‌ಲೈನಿನಲ್ಲಿ ತರಿಸಿ ಮನೆಯಲ್ಲೇ ಕಟ್ಟಿಕೊಳ್ಳುವ ಆಸೆ ಹುಟ್ಟುತ್ತದೆ. ಬೇಡ. ಉತ್ತೇಜಕ ವ್ಯಸನದಲ್ಲಿ ಇದರ ಅಧ್ಯಯನಗಳು ಚಿಕ್ಕವು, ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ, ಧನ ಮತ್ತು ಋಣ ಸ್ಪಂಜುಗಳು ಅದಲುಬದಲಾದರೆ ಪರಿಣಾಮವೂ ಬದಲಾಗುತ್ತದೆ. ಸಂಶೋಧನೆಯ ಭಾಗವಾಗಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವುದಾದರೆ ಒಪ್ಪಬಹುದು. ಕೈಯಿಂದ ಹಣ ಹಾಕಿ ಕೊಳ್ಳುವ ವಸ್ತು ಇದಲ್ಲ.

ಮಾತ್ರೆ ಮತ್ತು ಚುಚ್ಚುಮದ್ದು

ಮಾನ್ಯತೆ ಪಡೆದ ಔಷಧಿಯಿಲ್ಲ ಎಂದೆ. ಏನೂ ಇಲ್ಲ ಎಂದಲ್ಲ. 2021ರಲ್ಲಿ ಪ್ರಕಟವಾದ, ಮಧುಕರ್ ತ್ರಿವೇದಿ ಅವರ ನೇತೃತ್ವದ ಅಮೆರಿಕದ ಪ್ರಯೋಗದಲ್ಲಿ ಮೆಥಾಂಫೆಟಮೈನ್ ವ್ಯಸನದ 403 ಮಂದಿ ಇದ್ದರು. ಮೂರು ವಾರಕ್ಕೊಮ್ಮೆ ನಾಲ್ಟ್ರೆಕ್ಸೋನ್ ಚುಚ್ಚುಮದ್ದು, ದಿನವೂ 450 ಮಿಲಿಗ್ರಾಂ ಬುಪ್ರೋಪಿಯಾನ್ ಎಂಬ ಖಿನ್ನತೆಯ ಮಾತ್ರೆ ಕೊಟ್ಟಾಗ ಫಲ ಕಂಡವರು ಶೇ 13.6, ನಕಲಿ ಔಷಧಿಯವರಲ್ಲಿ ಶೇ 2.5. ಅಂತರ ನಿಜ, ಆದರೆ ನೂರಕ್ಕೆ ಎಂಬತ್ತಾರು ಮಂದಿಗೆ ಆ ಮಟ್ಟದ ಫಲ ಸಿಗಲಿಲ್ಲ ಎಂಬುದೂ ನಿಜ. ಅಲ್ಲಿ ಬಳಸಿದ್ದು ಚುಚ್ಚುಮದ್ದು. ನುಂಗುವ ನಾಲ್ಟ್ರೆಕ್ಸೋನ್ ಮಾತ್ರೆಗೆ ಆ ಅಂಕಿಗಳನ್ನು ಹಾಗೆಯೇ ಅಂಟಿಸಲಾಗದು, ಏಕೆಂದರೆ ಮಾತ್ರೆಯನ್ನು ದಿನವೂ ನುಂಗುವ ಮನಸ್ಸು ಬೇಕು. ನೋವಿಗೆಂದು ಅಫೀಮು ಬಗೆಯ ಔಷಧಿಯಾದ ಟ್ರಮಡಾಲ್ ನುಂಗುತ್ತಿರುವವರು, ಅಂಥ ಔಷಧಿಗಳನ್ನು ತಡೆಯುವ ನಾಲ್ಟ್ರೆಕ್ಸೋನ್‌ಗೆ ಮುಂಚೆ ಅದನ್ನು ಹೇಳಬೇಕು. ಬುಪ್ರೋಪಿಯಾನ್ ಸೆಳೆತದ ಸಾಧ್ಯತೆಯನ್ನು ಹೆಚ್ಚಿಸುವ ಔಷಧಿ. ಮಾತ್ರೆ ಒಬ್ಬ ವೈದ್ಯರಿಂದ, ಟಿಎಂಎಸ್ ಇನ್ನೊಂದು ಕ್ಲಿನಿಕ್ಕಿನಿಂದ ಪಡೆಯುವಾಗ ಒಬ್ಬರಿಗೆ ಇನ್ನೊಬ್ಬರ ಚೀಟಿ ತೋರಿಸದಿದ್ದರೆ ಎರಡೂ ಅಪಾಯಗಳು ಒಂದೇ ತಲೆಯ ಮೇಲೆ ಕೂಡುತ್ತವೆ.

ಮಾತ್ರೆಯ ದೊಡ್ಡ ಅನುಕೂಲ ದೂರದ್ದು. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮನೋವೈದ್ಯಕೀಯ ವಿಭಾಗವೋ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರೋ ನೋಡಿ ಬರೆದುಕೊಡಬಹುದು, ಕೆಲಸ ಬಿಡಬೇಕಾಗಿಲ್ಲ. ಖಿನ್ನತೆ, ನಿದ್ರಾಹೀನತೆ, ಅನುಮಾನದ ಭ್ರಮೆ ಇವಕ್ಕೆ ಔಷಧಿ ನಿಸ್ಸಂಶಯವಾಗಿ ಬೇಕು. ಮೆಥಾಂಫೆಟಮೈನ್ ಸೇವಿಸಿ, ಗೋಡೆಯ ಹಿಂದೆ ಯಾರೋ ಮಾತಾಡುತ್ತಿದ್ದಾರೆ ಎನ್ನುವ ಸ್ಥಿತಿಯಲ್ಲಿರುವವನನ್ನು ಹೋಲಿಕೆ ಮಾಡುತ್ತಾ ಕಾಯಿಸಬಾರದು. ಆ ದಿನವೇ ಆಸ್ಪತ್ರೆ.

ಸಮಾಲೋಚನೆ, ಮತ್ತು ಚೀಟಿಯ ಬೋಗುಣಿ

ಮಾತುಕತೆಯ ಚಿಕಿತ್ಸೆ ಎಂದರೆ ನಮ್ಮ ಜನಕ್ಕೆ ಒಂದು ಬಗೆಯ ಸಸಾರ. ‘ಬುದ್ಧಿ ನಾವೇ ಹೇಳಿದ್ದೇವಲ್ಲ, ಅದಕ್ಕೆ ಫೀಸು ಬೇರೆ ಕೊಡಬೇಕೇ?’ ಎಂದು ನನ್ನನ್ನೇ ಕೇಳಿದವರಿದ್ದಾರೆ. ಆದರೆ ಉತ್ತೇಜಕ ವ್ಯಸನದಲ್ಲಿ ಇಡೀ ಪಟ್ಟಿಯಲ್ಲಿ ಅತ್ಯಂತ ಬಲವಾದ ಪುರಾವೆ ಇರುವುದು ಯಂತ್ರಕ್ಕಲ್ಲ, ಮಾತ್ರೆಗಲ್ಲ. ಬಿಟ್ಟ ದಿನಗಳಿಗೆ ಪ್ರತಿಫಲ ಕೊಡುವ ಪದ್ಧತಿಗೆ. 2018ರಲ್ಲಿ 50 ಪ್ರಯೋಗಗಳ ಸುಮಾರು 6,900 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯಲ್ಲಿ, ಈ ಪ್ರತಿಫಲ ಪದ್ಧತಿಯ ಜೊತೆಗೆ ಕುಟುಂಬ, ಕೆಲಸ, ಬಿಡುವಿನ ವೇಳೆಗಳನ್ನು ಮರುಕಟ್ಟುವ ಸಮಾಲೋಚನೆ ಸೇರಿಸಿದ್ದೇ ಮೇಲುಗೈ ಪಡೆಯಿತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಇದು 2011ರಿಂದ ಜಾರಿಯಲ್ಲಿದೆ.

ಅದರ ರೀತಿ ಬಹಳ ಸರಳ. ನ್ಯಾನ್ಸಿ ಪೆಟ್ರಿ ಎಂಬ ಮನಶ್ಶಾಸ್ತ್ರಜ್ಞೆ ರೂಪಿಸಿದ ಬಗೆಯಲ್ಲಿ ಒಂದು ಬೋಗುಣಿಯಲ್ಲಿ 500 ಚೀಟಿಗಳಿರುತ್ತವೆ. ಅವುಗಳಲ್ಲಿ 250ರ ಮೇಲೆ ‘ಭೇಷ್’ ಎಂಬರ್ಥದ ಮಾತು ಮಾತ್ರ. 209ಕ್ಕೆ ಸಣ್ಣ ಬಹುಮಾನ, 40ಕ್ಕೆ ಮಧ್ಯಮ, ಒಂದೇ ಒಂದಕ್ಕೆ ದೊಡ್ಡದು. ವಾರಕ್ಕೆ ಎರಡು ಸಲ ಮೂತ್ರ ಪರೀಕ್ಷೆ; ಶುದ್ಧವಾಗಿದ್ದರೆ ಚೀಟಿ ಎತ್ತಬಹುದು, ಸತತವಾಗಿ ಶುದ್ಧವಾಗಿದ್ದರೆ ಎತ್ತುವ ಚೀಟಿಗಳ ಸಂಖ್ಯೆ ಏರುತ್ತದೆ, ತಪ್ಪಿದರೆ ಮತ್ತೆ ಒಂದಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ 12 ವಾರ. ಕೊಕೇನ್, ಮೆಥಾಂಫೆಟಮೈನ್‌ಗಳ ಕುರುಹು ಮೂತ್ರದಲ್ಲಿ ಎರಡು–ನಾಲ್ಕು ದಿನ ಉಳಿಯುವುದರಿಂದ ವಾರಕ್ಕೆ ಒಂದೇ ಸಲ ಪರೀಕ್ಷಿಸಿದರೆ ನುಸುಳಲು ಜಾಗವಿರುತ್ತದೆ. ಎರಡು ಸಲದ ಗುಟ್ಟು ಇಷ್ಟೇ.

ಬೇಲೂರು ಕಡೆಯ ಒಂದು ಮನೆಯಲ್ಲಿ ಇದನ್ನು ನಮ್ಮ ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣ ಪ್ರಮಾಣದಲ್ಲಿ ಮಾಡಿದೆವು. ಬೋಗುಣಿಯ ಬದಲು ಹಳೆಯ ಬಿಸ್ಕತ್ತಿನ ಡಬ್ಬಿ. ಚೀಟಿ ಬರೆದವಳು ಅವನ ತಂಗಿ: ಒಂದರಲ್ಲಿ ‘ಶಭಾಷ್’, ಒಂದರಲ್ಲಿ ‘ಪೆಟ್ರೋಲಿಗೆ ನೂರು’, ಒಂದರಲ್ಲಿ ‘ಅಮ್ಮ ಬೈಯದ ಒಂದು ದಿನ’. ಮೂರನೆಯ ಚೀಟಿ ಬಂದಾಗ ಅವನು ಅದನ್ನು ಜೇಬಿನಲ್ಲೇ ಇಟ್ಟುಕೊಂಡ, ಬೇಕಾದಾಗ ಬಳಸುವೆನೆಂದು. ‘ಲಂಚ ಕೊಟ್ಟು ಒಳ್ಳೆಯವನಾಗಿಸುವುದೇ?’ ಎಂದು ಅಪ್ಪ ಮೊದಲು ಮುನಿಸಿಕೊಂಡಿದ್ದರು. ಕ್ರಮೇಣ ಚೀಟಿ ಎತ್ತುವ ಹೊತ್ತಿಗೆ ಅವರೂ ನಡುಮನೆಗೆ ಬಂದು ಕೂರತೊಡಗಿದರು.

ಇದರ ಕೊರತೆಯನ್ನೂ ಹೇಳಬೇಕು. ಇದನ್ನು ಕ್ರಮವಾಗಿ ನಡೆಸುವ ಜಾಗಗಳು ನಮ್ಮಲ್ಲಿ ವಿರಳ. ಬಹುಮಾನ ನಿಂತ ಮೇಲೆ ಪರಿಣಾಮ ಸವೆಯುತ್ತದೆ. ಮನೆಯವರೇ ಪೊಲೀಸರಂತಾದರೆ ಸಂಬಂಧ ಹಳಸುತ್ತದೆ. ಪರೀಕ್ಷೆ ಮಾಡುವವರು ಹೊರಗಿನವರಾಗಿರಬೇಕು, ಚೀಟಿ ಕೊಡುವವರು ಮನೆಯವರಾಗಿರಬೇಕು.

ವಸತಿ ಕೇಂದ್ರ

ಮದ್ಯ ಬಿಟ್ಟಾಗ ಬರುವಂಥ ಪ್ರಾಣಾಪಾಯದ ನಡುಕ–ಸೆಳೆತ ಕೊಕೇನ್ ಅಥವಾ ಮೆಥಾಂಫೆಟಮೈನ್ ಬಿಟ್ಟಾಗ ಸಾಮಾನ್ಯವಾಗಿ ಬರುವುದಿಲ್ಲ. ಬದಲಿಗೆ ಕೆಲವು ದಿನ ವಿಪರೀತ ನಿದ್ದೆ, ಹಸಿವು, ನಂತರ ಪಾತಾಳಕ್ಕಿಳಿದ ಮನಸ್ಸು; ಆತ್ಮಹತ್ಯೆಯ ಯೋಚನೆ ಆಗ ಸುಳಿಯಬಹುದು. ಹೀಗಾಗಿ ಎಲ್ಲರೂ ದಾಖಲಾಗಬೇಕೆಂದಿಲ್ಲ. ಆತ್ಮಹತ್ಯೆಯ ಮಾತು, ಭ್ರಮೆ, ಜೊತೆಗೆ ಭಾರೀ ಕುಡಿತ, ಎದೆನೋವು, ಇಲ್ಲವೇ ಮನೆಯೇ ವಸ್ತು ಸಿಗುವ ಜಾಗವಾಗಿರುವುದು, ಇಂಥ ಕಾರಣಗಳಿದ್ದರೆ ದಾಖಲಾತಿ ಸರಿ.

ಕೇಂದ್ರ ನೋಡಲು ಹೋದಾಗ ಗೇಟಿನ ಬಣ್ಣ ನೋಡಬೇಡಿ, ನೋಂದಣಿ ಪತ್ರ ಕೇಳಿ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ ಪ್ರಕಾರ ಇಂಥ ಸಂಸ್ಥೆಗಳು ನೋಂದಾಯಿತವಾಗಿರಬೇಕು. ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ. ರೋಗಿ ಒಪ್ಪದಿದ್ದಾಗ ಮಾಡುವ ಬೆಂಬಲಿತ ದಾಖಲಾತಿಗೆ ಮೊದಲ ಹಂತದಲ್ಲಿ 30 ದಿನದ ಮಿತಿಯಿದೆ. ‘ಹುಡುಗನನ್ನು ರಾತ್ರೋರಾತ್ರಿ ಬಂದು ಎತ್ತಿಕೊಂಡು ಹೋಗುತ್ತೇವೆ, ಆರು ತಿಂಗಳು ಭೇಟಿ ಇಲ್ಲ’ ಎನ್ನುವವರು ಚಿಕಿತ್ಸಕರಲ್ಲ. ಕೇಸಿನ ಹೆದರಿಕೆಯಿಂದ ಆಸ್ಪತ್ರೆಗೇ ಹೋಗದವರು, ಮಾದಕ ವಸ್ತು ತಡೆ ಕಾಯ್ದೆಯ 64ಎ ವಿಧಿಯನ್ನು ವಕೀಲರಿಂದ ಕೇಳಿ ತಿಳಿಯಬೇಕು. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಕಾನೂನು ಕ್ರಮದಿಂದ ವಿನಾಯಿತಿಗೆ ಅಲ್ಲಿ ಅವಕಾಶವಿದೆ.

ಯಾರಿಗೆ ಯಾವುದು

ಹಣ ಕಡಿಮೆ, ಮನೆಯಲ್ಲಿ ಒಬ್ಬರಾದರೂ ಗಟ್ಟಿಯಾಗಿ ನಿಲ್ಲುವವರಿದ್ದಾರೆ, ಹುಡುಗನಿಗೆ ಬಿಡುವ ಮನಸ್ಸು ಅರ್ಧದಷ್ಟಾದರೂ ಇದೆ ಎಂದಾದರೆ ಜಿಲ್ಲೆಯಲ್ಲೇ ಮನೋವೈದ್ಯರು, ಸಮಾಲೋಚನೆ, ಪರೀಕ್ಷೆ–ಪ್ರತಿಫಲ ಇವುಗಳಿಂದ ಶುರು ಮಾಡಿ. ಯಂತ್ರಕ್ಕೆ ಸಾಲ ಮಾಡಬೇಡಿ. ಹಣ ಇದೆ, ಈ ಹಾದಿಯನ್ನು ಮೂರು ತಿಂಗಳು ಪ್ರಾಮಾಣಿಕವಾಗಿ ನಡೆದೂ ಮತ್ತೆ ಜಾರಿದ್ದಾನೆ, ಅಥವಾ ಖಿನ್ನತೆ ಜೊತೆಗಿದೆ ಎಂದಾದರೆ ಟಿಎಂಎಸ್ ಅನ್ನು ಮೇಲುಸೇರ್ಪಡೆಯಾಗಿ ನೋಡಬಹುದು. ಮಾಡುತ್ತಿರುವುದನ್ನು ನಿಲ್ಲಿಸಿ ಅದರ ಜಾಗಕ್ಕೆ ತರುವಂಥದ್ದಲ್ಲ. ಅದಕ್ಕೂ ಮೊದಲು ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಒಮ್ಮೆ ತೋರಿಸಿ ಅಭಿಪ್ರಾಯ ಪಡೆಯುವುದು ಒಳ್ಳೆಯದು. ಯಂತ್ರ ಮಾರುವ ತುರ್ತು ಇಲ್ಲದ ಕಡೆ ‘ನಿಮಗೆ ಬೇಡ’ ಎಂಬ ಉತ್ತರವೂ ಸಿಗುತ್ತದೆ. ವಿಮೆ ಇದ್ದವರು, ಟಿಎಂಎಸ್‌ಗೆ ಹಣ ಬರುತ್ತದೆಯೇ ಎಂಬುದನ್ನು ಏಜೆಂಟರ ಬಾಯಿಮಾತಿನಲ್ಲಲ್ಲ, ಕಂಪನಿಯಿಂದ ಬರಹದಲ್ಲಿ ಕೇಳಿಕೊಳ್ಳಿ.

ಚನ್ನರಾಯಪಟ್ಟಣದ ಮೇಷ್ಟ್ರ ಮಗನಿಗೆ ಎರಡು ಸಲದ ಬಿಡುವಿಕೆಯಲ್ಲೂ ಯಾವ ಸಮಾಲೋಚನೆಯೂ ನಡೆದಿರಲಿಲ್ಲ; ಹತ್ತು ದಿನ ದಾಖಲಾತಿ, ಒಂದಷ್ಟು ನಿದ್ದೆ ಮಾತ್ರೆ, ನೇರವಾಗಿ ಅದೇ ರೂಮಿಗೆ ವಾಪಸ್. ಆದರೆ ಅವನಿಗೆ ಗಾಢ ಖಿನ್ನತೆ ಇದೆ, ಹೇಗೂ ಬೆಂಗಳೂರಿನಲ್ಲೇ ಇದ್ದಾನೆ. ಆದ್ದರಿಂದ ನಿಮ್ಹಾನ್ಸ್‌ನಲ್ಲಿ ತೋರಿಸಿ, ಸಮಾಲೋಚನೆ ಮತ್ತು ಔಷಧಿ ಶುರುವಾದ ಮೇಲೆ ಅಲ್ಲಿನ ವೈದ್ಯರು ಹೌದೆಂದರೆ ಟಿಎಂಎಸ್ ಎಂದು ಸೂಚಿಸಿದೆ. ರೂಮು ಬದಲಿಸುವುದು ಅದಕ್ಕೂ ಮೊದಲು. ಮೇಷ್ಟ್ರು ಒಂದು ತಿಂಗಳು ಮಗನ ಜೊತೆ ಇರಲು ತಾವೇ ಹೊರಟಿದ್ದಾರೆ.

ಮೂಡಿಗೆರೆಯ ತಾಯಿಗೆ ಈಗಲೇ ಯಂತ್ರ ಬೇಡ ಎಂದೆ. ಕೊಕೇನ್ ಮತ್ತು ಮದ್ಯ ಒಟ್ಟಿಗೆ ಸೇರಿದಾಗ ದೇಹದೊಳಗೆ ಕೊಕಎಥಿಲೀನ್ ಎಂಬ, ಹೃದಯಕ್ಕೆ ಇನ್ನಷ್ಟು ವಿಷವಾದ ವಸ್ತು ಹುಟ್ಟುತ್ತದೆ. ಮೊದಲು ಇಸಿಜಿ ಆಗಬೇಕು, ಕುಡಿತವನ್ನು ವೈದ್ಯರ ಕಣ್ಗಾವಲಿನಲ್ಲಿ ಬಿಡಿಸಬೇಕು. ಟಿಎಂಎಸ್ ಪ್ರಶ್ನೆ ಆಮೇಲಿನದು. ಅವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಬರೆದುಕೊಟ್ಟೆ. ರಾತ್ರಿ ಹೊತ್ತು ಘಾಟಿ ಕಡೆಯ ಮನೆಯಿಂದ ಆಸ್ಪತ್ರೆಗೆ ಹೊರಡುವ ಮೊದಲು ಕನ್ನಡದಲ್ಲಿ ಮಾತಾಡಲು ಒಬ್ಬರು ಸಿಗುತ್ತಾರೆ. ಸೋಮವಾರದ ಒಪಿಡಿಗೆ ಬರುವಾಗ ಹಳೆಯ ಔಷಧಿ ಚೀಟಿಗಳನ್ನೆಲ್ಲ ತರಲು ಹೇಳಿದ್ದೆ. ಅವರು ಚೀಟಿಗಳ ಜೊತೆಗೆ, ಮಗ ಪಿಯುಸಿಯಲ್ಲಿದ್ದಾಗ ಬೈಕಿನಿಂದ ಬಿದ್ದು ತೆಗೆಸಿದ ತಲೆಯ ಸ್ಕ್ಯಾನ್ ಇದ್ದ ದೊಡ್ಡ ಲಕೋಟೆಯನ್ನೂ ತಂದಿದ್ದರು.